ಆ ಪದವನ್ನು ನೀನೇ ಬರಿ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ಸೊಂಟನೋವು ಹೇಗಿದೆ? ಮಗಳ ಮನೆಗೆ ನೀನು ಹೋಗಿರುವುದು ಕೂಸು ನೋಡಿಕೊಳ್ಳಲು, ನೆಲ ಒರೆಸಲು ಅಲ್ಲ. ಬೀಗರಿಗೂ ಎರಡು ಕೈ ಇವೆ ತಾನೆ. ನಿನ್ನ ಎಡಗಾಲಿನ ಬೂಟಿನ ಅಟ್ಟೆ ಸವೆದಿದ್ದರೆ ತಿಳಿಸು, ಹೊಸದು ಕಟ್ಟಿ ಕಳಿಸುತ್ತೇನೆ. ಅಲ್ಲಿಯ ಯಾವನೋ ರಿಪೇರಿಯವನ ಕೈಗೆ ಕೊಟ್ಟೀಯೆ, ಜೋಕೆ. ಎರಡೂ ಕಾಲು ಸಮ ಇರುವವರ ಬೂಟಿಗೇ ನೆಟ್ಟಗೆ ಅಂಟು ಹಚ್ಚಲು ಬಾರದ ಜನ.

ನಾನು ಚೆನ್ನಾಗಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ನೀನು ಗೊತ್ತುಮಾಡಿ ಹೋದ ಆ ವೆಬ್‌ಸೈಟ್ ಪಂಡಿತನನ್ನು ಒಂದು ವಾರ ಅವರ ಮನೆಯಲ್ಲಿ ಕೂರಿಸಬೇಕು, ಆಗ ಗೊತ್ತಾಗುತ್ತೆ. ನಾನು ಗಿರಾಕಿಗಳ ಪಾದದ ಅಳತೆಗೆ ಮರದ ಅಚ್ಚು ಕೆತ್ತುವ ಮೇಜಿನ ಮೇಲೇ ಕಂಪ್ಯೂಟರ್ ಇಡುತ್ತಾನೆ, ಆಮೇಲೆ ಚರ್ಮದ ವಾಸನೆ ಅಂತ ಮೂಗು ಮುಚ್ಚಿಕೊಳ್ಳುತ್ತಾನೆ. ನಮ್ಮ ಪುಟ ನೋಡಿ ನಕ್ಕ. ನೀನು ಮೇಲ್ಗಡೆ 'ಕಾಲಿಗೆ ತಕ್ಕ ಬೂಟು' ಅಂತ ಹಾಕಿದ್ದೀಯಲ್ಲ, ಹಾಗಂತ ಯಾರೂ ಇಂಟರ್ನೆಟ್ಟಿನಲ್ಲಿ ಹುಡುಕುವುದಿಲ್ಲವಂತೆ. ಹುಡುಕುವ ಯಂತ್ರಕ್ಕೆ ಕಣ್ಣಿಲ್ಲ, ಟ್ಯಾಗ್ ನೋಡಿಯೇ ಅದು ನಮ್ಮನ್ನು ಗುರುತು ಹಿಡಿಯಬೇಕು ಅಂದ. ಟ್ಯಾಗ್ ಅಂದರೆ ಬೆಟ್ಟ ಅಗೆಯುವ ಕೆಲಸವೇನಲ್ಲ ಕಣೇ. ಇದು ಪುಟದ ಹೆಸರು, ಇದು ದೊಡ್ಡ ತಲೆಬರಹ, ಇದು ಚಿತ್ರದ ವಿವರ ಅಂತ ಯಂತ್ರಕ್ಕೆ ತಿಳಿಯಲು ಅಂಟಿಸುವ ಚೀಟಿ. ನಾವು ಒಂದೊಂದು ಅಚ್ಚಿನ ಮೇಲೂ ಗಿರಾಕಿಯ ಹೆಸರು ಅಂಟಿಸುವುದಿಲ್ಲವೇ, ಹಾಗೆ. ಇಷ್ಟಕ್ಕೆ ಎಚ್‌ಟಿಎಂಎಲ್ ಅಂತ ಹೆಸರಿಟ್ಟುಕೊಂಡು ಮೀಸೆ ತಿರುವುತ್ತಾನೆ ಆಸಾಮಿ, ಅದೂ ಮೀಸೆಯೇ ಇಲ್ಲದವನು.

ಸರಿ, ನಿನಗೆ ತಿಳಿದಂತೆ ಅಂಟಿಸಪ್ಪ ಅಂದೆ. 'ಐಷಾರಾಮಿ ಪಾದರಕ್ಷೆ' ಅಂತ ಅಂಟಿಸಿದ. ತಿಂಗಳು ತುಂಬುವಷ್ಟರಲ್ಲಿ ಮದುವೆ ಹುಡುಗಿಯರು ಎತ್ತರದ ಹಿಮ್ಮಡಿ ಕೇಳಿಕೊಂಡು ಬಂದರು, ದಪ್ಪ ಅಟ್ಟೆಯ ಬೂಟು ನೋಡಿ ಕಿಸಕ್ಕನೆ ನಕ್ಕು ಹೋದರು. ಜನ ಬರುತ್ತಿದ್ದಾರಲ್ಲ ಅಂತ ಪಂಡಿತನಿಗೆ ಹಿಗ್ಗು. ಬಸ್ ಸ್ಟಾಪಿಗೂ ಜನ ಬರುತ್ತಾರೆ ಅಂದೆ. ಒಂದು ಕಾಲು ಗಿಡ್ಡ ಇರುವ ನಮ್ಮ ಗಿರಾಕಿಗಳು ಮಾತ್ರ ಈ ಕಡೆ ತಲೆ ಹಾಕುತ್ತಿಲ್ಲ. ಹೊಸ ಅಚ್ಚು ಕೆತ್ತಿ ಎಷ್ಟು ದಿನವಾಯಿತೋ. ಹೀಗೇ ಹೋದರೆ ಅಪ್ಪ ನಿನ್ನ ಕಾಲಿಗೋಸ್ಕರ ತೆರೆದ ಅಂಗಡಿಗೆ ನಾನು ಬೀಗ ಜಡಿಯಬೇಕಾಗುತ್ತೆ.

ಅದನ್ನು ಹೇಳಿದ್ದಕ್ಕೆ, ಹಾಗಾದರೆ ಜನ ಹುಡುಕುವ ಪದವನ್ನೇ ಹಾಕೋಣ, 'ಕುಂಟ', 'ಕುಂಟಿ' ಅಂತಲೇ ಅವರು ಹುಡುಕೋದು ಅಂದ. ಗುಬ್ಬಿ, ನನ್ನ ಕೈಯಲ್ಲಿ ಉಳಿ ಇತ್ತು. ಆ ಪದ ಕೂಗುತ್ತಾ ನಿನ್ನ ಹಿಂದೆ ಬರುತ್ತಿದ್ದ ಹುಡುಗನ ಹಲ್ಲು ಉದುರಿಸಿದ್ದಕ್ಕೇ ತಾನೆ ನನ್ನನ್ನು ಶಾಲೆಯಿಂದ ಓಡಿಸಿದ್ದು. ಇವನನ್ನೂ ಬಾಗಿಲ ತನಕ ಅಟ್ಟಿದೆ. ಹೊಸ್ತಿಲಾಚೆ ನಿಂತು ಉಪಾಯ ಹೇಳಿಕೊಟ್ಟ ಬೃಹಸ್ಪತಿ: "ಎದುರಿಗೆ ಕಾಣೋದು ಬೇಡ ಆಂಟಿ. ಚಿತ್ರದ ಟ್ಯಾಗಲ್ಲಿ ಬಚ್ಚಿಡ್ತೀನಿ, ಯಂತ್ರಕ್ಕೆ ಮಾತ್ರ ಗೊತ್ತಾಗುತ್ತೆ." ಎದುರಿಗೆ ಮರ್ಯಾದೆ, ಬೆನ್ನ ಹಿಂದೆ ಬೈಗುಳ. ಆ ಹಲ್ಲುದುರಿದ ಹುಡುಗನೇ ವಾಸಿ, ಮುಖಕ್ಕೇ ಅನ್ನುತ್ತಿದ್ದ.

ಗುರುವಾರ ಒಬ್ಬಳು ತಾಯಿ ಬಂದಳು, ಸೊಂಟದ ಮೇಲೆ ಹೆಣ್ಣುಮಗು. ನಮ್ಮಂಥ ಅಂಗಡಿಗಾಗಿ ವರ್ಷದಿಂದ ಫೋನಿನಲ್ಲಿ ಹುಡುಕಿದ್ದಾಳೆ, ಸಿಕ್ಕಿಲ್ಲ. ಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತವರು ಹೇಳಿದರಂತೆ. ಏನಂತ ಹುಡುಕಿದೆ ಅಂತ ಕೇಳಿದೆ. 'ಕುಂಟಿ ಮಗುವಿಗೆ ಬೂಟು' ಅಂತ. ಬೈಯಲು ಬಾಯಿ ತೆರೆದಿದ್ದೆ. ಅವಳು ಮಗುವಿನ ಕಾಲುಚೀಲ ಬಿಚ್ಚುತ್ತಾ, "ಮನೇಲೂ ಬೀದೀಲೂ ಹಾಗೇ ಕರೀತಾರೆ. ನಂಗೆ ಬೇರೆ ಪದ ಯಾರು ಹೇಳಿಕೊಟ್ರು?" ಅಂದಳು. ನಾನು ಮಗುವಿನ ಕಾಲಿನ ಅಳತೆ ತೆಗೆದುಕೊಂಡೆ.

ಕೂಸಿಗೆ ಮುತ್ತು. ನಿನ್ನ ಮಗಳಿಗೆ ಹೊಟ್ಟೆ ತುಂಬಾ ತಿಂದು ನಿದ್ದೆ ಮಾಡಲು ಹೇಳು. ಬೀಗರಿಗೆ ನಮಸ್ಕಾರ ತಿಳಿಸು, ಮರೆತರೂ ನಷ್ಟವಿಲ್ಲ.

ನಿನ್ನ
ಅಕ್ಕ

ಅಂಚೆಗೆ ಹಾಕುವ ಮುಂಚೆ ಇದೊಂದು ಮಾತು. ನಿನ್ನ ಉತ್ತರ ಬರುವ ತನಕ ಏನನ್ನೂ ಮುಟ್ಟಬೇಡ ಅಂತ ಪಂಡಿತನಿಗೆ ಹೇಳಿದ್ದೇನೆ. ಆ ಪದ ಬೇಡ ಅಂದರೆ ಬೇಡ, ಅಂಗಡಿ ಮುಚ್ಚಿದರೂ ನಾನು ಇನ್ನೊಮ್ಮೆ ಕೇಳುವುದಿಲ್ಲ. ಹಾಕು ಅನ್ನುವುದಾದರೆ ಬಚ್ಚಿಡುವ ಮಾತಿಲ್ಲ, ದೊಡ್ಡ ತಲೆಬರಹದಲ್ಲೇ ಬರಲಿ. ಆದರೆ ಆ ಸಾಲು ನೀನೇ ಬರೆದು ಕಳಿಸು. ಅದನ್ನು ಬರೆಯುವ ಹಕ್ಕು ನಮ್ಮಿಬ್ಬರಲ್ಲಿ ನಿನಗೊಬ್ಬಳಿಗೇ ಇರೋದು. ಆ ಮಗು ದೊಡ್ಡದಾಗಿ ತಾನೇ ಓದಿದರೂ ತಲೆ ತಗ್ಗಿಸದ ಹಾಗೆ ಬರಿ.