ವಾರಕ್ಕೊಂದು ಸೂಜಿ

6 ಜುಲೈ 2025, ರವಿವಾರ, ಬೆಳಿಗ್ಗೆ 7

ಚಹಾ, ಎರಡು ಖಾರಿ ಬಿಸ್ಕಿಟು. ಆಮೇಲೆ ಇನ್ನೆರಡು. ಅವ್ವ ಸುಸಲಾಕ್ಕೆ ಚುರುಮುರಿ ತೋಯಿಸುತ್ತಿದ್ದಾಳೆ — ಅದು ಒಂಬತ್ತಕ್ಕೆ. ನಡುವೆ ಒಂದು ಹಿಡಿ ಶೇಂಗಾ.

ತಿಂದದ್ದನ್ನೆಲ್ಲ ಬರೆದಿಡಲು ಡಾಕ್ಟರ್ ಮೇಡಂ ಹೇಳಿದ್ದಾರೆ. ಅವರಿಗೆ ತೋರಿಸುವ ನೋಟ್‌ಬುಕ್ ಬೇರೆ. ಇದು ನನ್ನದು. ಅದರಲ್ಲಿ ಶೇಂಗಾ ಇಲ್ಲ, ಇದರಲ್ಲಿ ಇದೆ.

ಇಂದು ಮೊದಲ ಸೂಜಿ. ನೋಡಲು ದಪ್ಪ ಪೆನ್ನಿನ ಹಾಗೆ. ಹೊಟ್ಟೆಯ ಮೇಲೆ ಇಟ್ಟು ಒತ್ತಿದೆ. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ವಾರಕ್ಕೊಂದು ಸಲ. ಶುಗರ್ ಇಳಿಯುತ್ತದೆ, ತೂಕ ಇಳಿಯುತ್ತದೆ, ಹಸಿವು ಕಡಿಮೆಯಾಗುತ್ತದೆ ಎಂದಿದ್ದಾರೆ ಮೇಡಂ. ಈ ಮೂರನೆಯದನ್ನು ಅವ್ವನಿಗೆ ಹೇಳಿಲ್ಲ. "ಶುಗರಿನ ಸೂಜಿ" ಎಂದಷ್ಟೇ ಹೇಳಿದೆ.

ನಮ್ಮೂರು ಬಳಿಚಕ್ರದಲ್ಲಿ ಮೂವತ್ತು ವರ್ಷ ಕೂಲಿ ಮಾಡಿದವಳು ಅವಳು. ಹಸಿವು ಆಗಬಾರದೆಂದು ಮಗಳು ಔಷಧ ತೆಗೆದುಕೊಳ್ಳುತ್ತಾಳೆ ಎಂದು ಯಾವ ಬಾಯಿಂದ ಹೇಳಲಿ?

ತೂಕ 98. ಶುಗರ್ ಮುನ್ನೂರರ ಮೇಲೆ. ಅಪ್ಪನಿಗೂ ಇದೇ ಇತ್ತು. ಮೊದಲು ಕಾಲಿನ ಹೆಬ್ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ. ಅಪ್ಪ ಹೋಗಿ ಒಂಬತ್ತು ವರ್ಷ. ಈಗ ಈ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅವ್ವ. ನನಗಿನ್ನೂ ನಲವತ್ಮೂರು. ಕಾಲು ಬೇಕು.

9 ಜುಲೈ, ಬುಧವಾರ

ಕಚೇರಿಯಲ್ಲಿ ನನ್ನ ಮೇಜಿನ ಕೆಳಗಿನ ಡ್ರಾವರಿನಲ್ಲಿ ಫೈಲು ಇಡುವುದಿಲ್ಲ. ಖಾರಾ, ಬಿಸ್ಕಿಟು, ಪುಟಾಣಿ, ಶೇಂಗಾ ಚಿಕ್ಕಿ. ಹನ್ನೊಂದಾದರೆ ಕೈ ತಾನೇ ಹೋಗುತ್ತದೆ. ಇಂದು ಹೋಗಲಿಲ್ಲ. ಹನ್ನೆರಡೂವರೆಗೆ ನೆನಪಾಯಿತು — ಕೈ ಹೋಗಿಲ್ಲವೆಂದು.

ನಾಲ್ಕಕ್ಕೆ ಗೌಹರ ಆಪಾ ಮಿರ್ಚಿ ಭಜಿ ತರಿಸಿದರು. ಎದುರಿನ ಮೇಜಿನವರು, ಹನ್ನೆರಡು ವರ್ಷದ ಜೊತೆ. ಪೇಪರ್ ಬಿಚ್ಚಿದರು. ಬಿಸಿ, ಎಣ್ಣೆ, ಓಮದ ವಾಸನೆ... ನೋಡುತ್ತ ಕೂತೆ. ಮಿರ್ಚಿ ಮಿರ್ಚಿಯ ಹಾಗೇ ಇತ್ತು. ಆದರೆ ನನ್ನನ್ನು ಕರೆಯಲಿಲ್ಲ.

ಒಂದು ತೆಗೆದುಕೊಂಡೆ. ಅರ್ಧಕ್ಕೆ ಸಾಕೆನಿಸಿತು. ಉಳಿದರ್ಧವನ್ನು ಪೇಪರಿನ ಮೇಲಿಟ್ಟೆ. ಆಪಾ ಆ ಅರ್ಧವನ್ನೂ ನನ್ನ ಮುಖವನ್ನೂ ನೋಡಿ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿದರು.

11 ಜುಲೈ, ಶುಕ್ರವಾರ

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ತಲೆಯೊಳಗೆ ನಿಶ್ಶಬ್ದ.

ನನ್ನೊಳಗೆ ಯಾವಾಗಲೂ ಒಬ್ಬಳು ಮಾತಾಡುತ್ತಿದ್ದಳು. ಡಬ್ಬಿಯಲ್ಲಿ ಇನ್ನೆಷ್ಟಿದೆ, ಸಂಜೆ ಏನು, ಅವರು ಪ್ಲೇಟಿನಲ್ಲಿ ಬಿಟ್ಟದ್ದು ಹಾಗೇ ಹೋಗುತ್ತದೆಯೇ, ಈಗೊಂದು ತಿಂದರೆ ಏನಾಗುತ್ತದೆ. ಅದನ್ನೇ ನಾನು ಎಂದುಕೊಂಡಿದ್ದೆ. ಬಾಡಿಗೆಗಿದ್ದವರು ಮನೆ ಖಾಲಿ ಮಾಡಿ ಹೋದ ಹಾಗಾಗಿದೆ. ಒಳಗೆ ಇಷ್ಟು ಜಾಗ ಇತ್ತೇ?

ಆಪಾಗೆ ಕೇಳಿದೆ — ಊಟ ಮುಗಿದ ಮೇಲೆ ಮುಂದಿನ ಊಟದ ಬಗ್ಗೆ ವಿಚಾರ ಮಾಡುತ್ತೀರಾ ಎಂದು.

"ಊಟ ಆದಮ್ಯಾಲ ಯಾಕ ಮಾಡ್ಲಿ?" ಎಂದರು.

ಹಾಗಾದರೆ ಎಲ್ಲರೂ ಹೀಗೇ ಇರುತ್ತಾರೆ. ಇಷ್ಟು ಹಗುರವಾಗಿ. ಮೊದಲಿನಿಂದಲೂ! ನನಗೆ ಯಾರೂ ಹೇಳಿರಲಿಲ್ಲ.

30 ಜುಲೈ, ಬುಧವಾರ

ನಿನ್ನೆ ಪಂಚಮಿ. ಓಣಿಯವರೆಲ್ಲ ಉಂಡಿ ಕೊಟ್ಟು ಹೋದರು — ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ. ಸ್ಟೀಲ್ ಡಬ್ಬಿ ತುಂಬಿದೆ. ಮೊದಲಾದರೆ ಎರಡನೆಯ ದಿನ ತಳ ಕಾಣುತ್ತಿತ್ತು, ಮೂರನೆಯ ದಿನ ನಾನೇ ತೊಳೆದಿಡುತ್ತಿದ್ದೆ, ಅವ್ವ ಕೇಳಬಾರದೆಂದು.

ಒಂದು ಎಳ್ಳುಂಡಿ ತಿಂದೆ, ಬಾಗಿಲಲ್ಲಿ ಕೂತು. ಮೊದಲು ಬೆಲ್ಲ, ಆಮೇಲೆ ಎಳ್ಳಿನ ಎಣ್ಣೆ, ಕೊನೆಗೆ ಸಣ್ಣ ಕಹಿ. ಎಳ್ಳಿನಲ್ಲಿ ಕಹಿ ಇರುತ್ತದೆಂದು ನಲವತ್ಮೂರು ವರ್ಷ ಗೊತ್ತಾಗಿರಲಿಲ್ಲ. ಗೊತ್ತಾಗುವಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದರಲ್ಲವೇ.

ತೂಕ 94.

3 ಆಗಸ್ಟ್, ರವಿವಾರ

ಡೋಸ್ ಏರಿಸಿದ್ದಾರೆ. ಹಳೆಯ ಶುಗರ್ ಗುಳಿಗೆಯೂ ಸದ್ಯ ಇರಲಿ, ಆದರೆ ಊಟ ಬಿಡಬೇಡಿ ಎಂದರು ಮೇಡಂ. ಅವ್ವ ಪುಂಡಿಪಲ್ಯ ಮಾಡಿದ್ದಳು. ವಾಸನೆ ತಡೆಯದೆ ಎದ್ದು ಹೊರಗೆ ಹೋದೆ. ಅವಳು ನೋಡಿದಳು.

19 ಆಗಸ್ಟ್, ಮಂಗಳವಾರ

89!

ಬೆಳಿಗ್ಗೆ ಚಹಾ ಮಾತ್ರ. ಮಧ್ಯಾಹ್ನ ಅರ್ಧ ಬಾಳೆಹಣ್ಣು. ಬೇಕೇ ಆಗುವುದಿಲ್ಲ. ಬಸ್ ಹತ್ತಿದರೆ ಮೊಣಕಾಲು ಸುಮ್ಮನಿರುತ್ತದೆ. ತಿನ್ನದೆ ಇರುವುದರಲ್ಲೂ ಒಂದು ನಶೆ ಇದೆ.

ಅವ್ವ ಕಟ್ಟಿಕೊಟ್ಟ ರೊಟ್ಟಿ ಕಚೇರಿ ಹಿಂದಿನ ದನಕ್ಕೆ ಹೋಗುತ್ತದೆ. ಖಾಲಿ ಡಬ್ಬಿ ಮನೆಗೆ ಹೋಗುತ್ತದೆ. ಮೊನ್ನೆ ಕೇಳಿದಳು, ಮುಖ ನೋಡದೆ, ಒಲೆಯ ಕಡೆ ತಿರುಗಿಕೊಂಡು: "ನನ್ನ ಕೈ ರುಚಿ ಹೋಗ್ಯಾದೇನು?"

ಇಲ್ಲ ಎಂದೆ. ನಿಜವನ್ನೇ ಹೇಳಿದೆ. ಆದರೂ ಸುಳ್ಳು ಹೇಳಿದ ಹಾಗಾಯಿತು.

29 ಆಗಸ್ಟ್, ಶುಕ್ರವಾರ

ಮೂರು ದಿನ ಏನೂ ಬರೆದಿಲ್ಲ. ಬರೆಯಲೇಬೇಕು.

ಮಂಗಳವಾರ ಕಚೇರಿ ಕೆಲಸಕ್ಕೆ ಸುರಪುರಕ್ಕೆ ಹೋಗಿದ್ದೆವು, ಆಪಾ ಮತ್ತು ನಾನು. ಬೆಳಿಗ್ಗೆ ಗುಳಿಗೆ ನುಂಗಿದ್ದೆ. ಊಟ — ಇಲ್ಲ. ಹಿಂದಿನ ರಾತ್ರಿಯೂ ಇಲ್ಲ. ವಾಪಸು ಬರುವಾಗ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದು ನೆನಪಿದೆ. ಬೆವರು. ಬೋರ್ಡಿನ ಅಕ್ಷರ ಕಲಸಿಹೋದವು. ಆಮೇಲೆ ನೆಲ.

ಕಣ್ಣು ಬಿಟ್ಟಾಗ ಬಾಯಿ ತುಂಬ ಸಕ್ಕರೆ. ಚಹಾದಂಗಡಿಯಿಂದ ಹಿಡಿ ತುಂಬ ತಂದು ಆಪಾ ಒಸಡಿಗೆ ತಿಕ್ಕುತ್ತಿದ್ದರು. ಜೀವ ತಿರುಗಿ ಬರುವುದು ಗೊತ್ತಾಯಿತು — ಬೆರಳ ತುದಿಯಿಂದ, ಒಂದೊಂದಾಗಿ. ಒಂದು ಹಿಡಿ ಸಕ್ಕರೆ. ಇದನ್ನೇ ಅಲ್ಲವೇ ವೈರಿ ಎಂದುಕೊಂಡಿದ್ದು...

ಮರುದಿನ ಅವ್ವ ನನ್ನೊಂದಿಗೆ ಡಾಕ್ಟರ್ ಹತ್ತಿರ ಬಂದಳು. ಬೇಡವೆಂದರೂ ಬಂದಳು. ಊಟ ಬಿಟ್ಟು ಗುಳಿಗೆ ನುಂಗಿದರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ, ಹೇಳಿದ್ದೆನಲ್ಲ ಎಂದು ಬೈದರು ಮೇಡಂ. ಆ ಗುಳಿಗೆ ಬಂದ್. ಸೂಜಿ ನಾಲ್ಕು ವಾರ ಬಂದ್, ಆಮೇಲೆ ಮತ್ತೆ ಸಣ್ಣ ಡೋಸಿನಿಂದ. ನಂತರ ಅವ್ವನ ಕಡೆ ತಿರುಗಿ ಹೇಳಿದರು: "ಈ ಸೂಜಿ ತಗೊಂಡ್ರ ಹಸಿವು ಗೊತ್ತಾಗೂದಿಲ್ಲಮ್ಮ. ನೀವ ಕೂತು ಉಣಿಸಬೇಕು."

ಅವ್ವ "ಹೌದ್ರಿ" ಎಂದಳು. ಆಟೋದಲ್ಲಿ ಒಂದು ಮಾತಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ನಿನ್ನೆಯೂ ಇಲ್ಲ. ಇವತ್ತೂ.

31 ಆಗಸ್ಟ್, ರವಿವಾರ, ಮಧ್ಯಾಹ್ನ

ಅವ್ವ ಮಾತಾಡಿದಳು.

ಸೂಜಿ ತೋರಿಸು ಎಂದಳು. ಫ್ರಿಜ್ಜಿನಿಂದ ತೆಗೆದು ಕೊಟ್ಟೆ. ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ತಣ್ಣಗಿದೆ ಎಂದಳು. ಇಷ್ಟರೊಳಗೆ ಹಸಿವನ್ನು ನಿಲ್ಲಿಸುವ ಔಷಧ ಇದೆಯೇ, ವಾರಗಟ್ಟಲೆ ನಿಲ್ಲಿಸುತ್ತದೆಯೇ ಎಂದು ಎರಡೆರಡು ಸಲ ಕೇಳಿದಳು. ಹೌದೆಂದೆ. ಸಿಟ್ಟು ಬರಬಹುದೆಂದು ಕಾದೆ. ಸಿಟ್ಟಿರಲಿಲ್ಲ. ಬೆರಗಿತ್ತು, ದೊಡ್ಡ ಹೊಳೆ ಮೊದಲ ಸಲ ಕಂಡವರ ಹಾಗೆ.

"ಆವಾಗ ಇದು ಇದ್ದಿದ್ದರ, ಸಾವಕಾರ ಮೊದಲ ನಮಗ ಹಾಕಸತಿದ್ದ," ಎಂದಳು. "ಹಾಡು ಹಾಡಸೂದು ತಪ್ಪತಿತ್ತು ಅವಗ."

ಯಾವ ಹಾಡು ಎಂದೆ.

ಆಗ ಹೇಳಿದಳು. ಸುಗ್ಗಿ ಮುಗಿದ ಮೇಲೆ ಸಾವಕಾರನ ಪಡಸಾಲೆಯಲ್ಲಿ ಇಪ್ಪತ್ತು ಹೆಂಗಸರು ಶೇಂಗಾ ಒಡೆಯಲು ಕೂರುತ್ತಿದ್ದರಂತೆ. ಕೂತಾಗಿನಿಂದ ಏಳುವವರೆಗೆ ಹಾಡುತ್ತಲೇ ಇರಬೇಕು. ಹಾಡುವ ಬಾಯಿಗೆ ಕಾಳು ಹೋಗುವುದಿಲ್ಲವಲ್ಲ. ಯಾರ ದನಿ ನಿಂತಿತೋ ಅವರತ್ತ ಅವನ ಕಣ್ಣು. ಬೆಳಗಿನಿಂದ ಹೊಟ್ಟೆಗೆ ಏನೂ ಇರುತ್ತಿರಲಿಲ್ಲ, ಮಡಿಲ ತುಂಬ ಶೇಂಗಾ. ಹಾಡು ಮುಗಿದುಹೋದರೆ ಹೊಸದು ಕಟ್ಟಿಯಾದರೂ ಹಾಡುತ್ತಿದ್ದರಂತೆ.

ಅವ್ವನಿಗೆ ಇನ್ನೂರು ಹಾಡು ಬರುತ್ತವೆ. ಅದನ್ನು ಕಚೇರಿಯಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದ್ದೇನೆ. ಶೇಂಗಾ ಬಿಡಿಸುವಾಗ ಇವತ್ತಿಗೂ ಹಾಡುತ್ತಾಳೆ, ಸಂತೋಷಕ್ಕೆ ಎಂದುಕೊಂಡಿದ್ದೆ. ಒಂದೊಂದು ನುಡಿಗೂ ತಿನ್ನದೆ ಬಿಟ್ಟ ಒಂದೊಂದು ಕಾಳಿದೆ ಎಂದು ಇಂದು ತಿಳಿಯಿತು.

ಸೂಜಿಯನ್ನು ನನ್ನ ಕೈಗೆ ತಿರುಗಿ ಕೊಟ್ಟಳು.

"ನೀ ಹುಟ್ಟಿದ ದಿನ ಅನ್ಕೊಂಡೆ. ಈಕಿಗೆ ಹಸಿವಂದ್ರ ಏನಂತ ಗೊತ್ತಾಗಬಾರದು."

ಗೊತ್ತಾಗಲಿಲ್ಲ. ಸಾಲಿಗೆ ಹೋಗುವಾಗ ಅಂಗಿಯ ಜೇಬಿನಲ್ಲಿ ಪುಟಾಣಿ. ಹಾಸ್ಟೆಲಿಗೆ ಪ್ರತಿ ಶನಿವಾರ ಯಾರದಾದರೂ ಕೈಯಲ್ಲಿ ಶೇಂಗಾ-ಬೆಲ್ಲದ ಚೀಲ. ನೌಕರಿ ಸಿಕ್ಕಿದ ದಿನ ಬ್ಯಾಗಿನಲ್ಲಿ ಉಂಡಿಯ ಡಬ್ಬಿ. ಹೊಟ್ಟೆ ಕೇಳುವ ಮೊದಲೇ ಕೈಗೆ ಬಂದಿರುತ್ತಿತ್ತು. ಒಬ್ಬ ಹೆಂಗಸು, ಕೂಲಿ ಮಾಡಿ, ಒಂದು ಜೀವಕ್ಕೆ ನಲವತ್ಮೂರು ವರ್ಷ ಹಸಿವು ಮುಟ್ಟದ ಹಾಗೆ ಕಾದಿದ್ದಾಳೆ. ಯಾವ ಕಂಪನಿಯ ಸೂಜಿಗೆ ಇದು ಆಗುತ್ತದೆ?

"ನಾ ತಪ್ಪ ಮಾಡಿದ್ನೇನು, ಭಾಗ್ಯ?" ಎಂದು ಕೇಳಿದಳು.

ಅವಳ ಕೈ ಹಿಡಿದುಕೊಂಡೆ. ಹೆಬ್ಬೆರಳಿನ ಪಕ್ಕ ಗಟ್ಟಿಯಾದ ಚರ್ಮ. ಅದು ಶೇಂಗಾ ಒಡೆದದ್ದರಿಂದ ಬಂದದ್ದೇ ಎಂದು ಕೂಡ ಕೇಳಿರಲಿಲ್ಲ ನಾನು.

7 ಸೆಪ್ಟೆಂಬರ್, ರವಿವಾರ

ಈಗ ಅವ್ವನ ರಾಜ್ಯ.

ಗಡಿಯಾರ ನೋಡಲು ಅವಳಿಗೆ ಬರುವುದಿಲ್ಲ. ಮಸೀದಿಯ ಅಜಾನ್ ಕೇಳಿದರೆ ತಟ್ಟೆ ಬರುತ್ತದೆ. ಪೂರ್ತಿ ಊಟವಲ್ಲ — ಅಂಗೈಯಷ್ಟು. ಒಂದು ಬೇಯಿಸಿದ ತತ್ತಿ. ಮೊಳಕೆ ಹೆಸರಿನ ಉಸಳಿ. ಜೋಳದ ನುಚ್ಚು, ಮಜ್ಜಿಗೆ. ಹಿಡಿ ಶೇಂಗಾ ಇದೆ, ಹಿಡಿ ಅವ್ವನದು, ನನ್ನದಲ್ಲ. ಬೇನೆ ಬಿದ್ದು ಎದ್ದವರಿಗೆ, ಬಾಣಂತಿಯರಿಗೆ ಊರಲ್ಲಿ ಹೀಗೇ ಉಣಿಸುತ್ತಿದ್ದಳಂತೆ. ಬೇಕೋ ಬೇಡವೋ ಎಂದು ಕೇಳುವುದಿಲ್ಲ. ಮುಗಿಯುವವರೆಗೆ ಎದುರಿಗೆ ಕೂರುತ್ತಾಳೆ.

ಕಚೇರಿಗೆ ಆಪಾ ಇದ್ದಾರೆ. ಅವ್ವ ಫೋನ್ ಮಾಡಿ ಹೇಳಿದ್ದಾಳೆ. ಹನ್ನೊಂದಕ್ಕೆ ನನ್ನ ಡ್ರಾವರ್ ತೆರೆದು ಬಿಸ್ಕಿಟು ಸಿಬ್ಬಂದಿಗೆ ಹಂಚಿದರು, ಪುಟಾಣಿ ಮಾತ್ರ ನನ್ನ ಮುಂದಿಟ್ಟರು. "ಅವ್ವಂದು ಆರ್ಡರ್ ಅದ, ನಂದೇನೂ ಇಲ್ಲ."

ಮಿರ್ಚಿ ಶುಕ್ರವಾರ ಒಂದು. ಪೂರ್ತಿ ಒಂದು. ಅದಕ್ಕೂ ಅವ್ವನ ಒಪ್ಪಿಗೆ ಇದೆ.

15 ಸೆಪ್ಟೆಂಬರ್, ಸೋಮವಾರ

ಬೆಳಗಿನ ಶುಗರ್ 138. ಮೀಟರ್ ಕೆಟ್ಟಿದೆಯೆಂದು ಇನ್ನೊಂದು ಬೆರಳು ಚುಚ್ಚಿದೆ. 136. ತೂಕ 88ಕ್ಕೆ ನಿಂತಿದೆ. ನಿಲ್ಲಲಿ.

ಸೂಜಿ ಇಲ್ಲದೆ ಮೂರು ವಾರ. ಹಳೆಯವಳು ಒಳಗೆ ಮತ್ತೆ ಮಾತು ಶುರು ಮಾಡಿದ್ದಾಳೆ, ಸಣ್ಣ ದನಿಯಲ್ಲಿ. ಹೆದರಿಕೆಯಾಯಿತು. ಆದರೆ ಈಗ ಅವಳ ದನಿ ಯಾವುದು, ನನ್ನದು ಯಾವುದು ಗೊತ್ತಾಗುತ್ತದೆ. ಇದೇ ದೊಡ್ಡದು. ಮುಂದಿನ ರವಿವಾರದಿಂದ ಸಣ್ಣ ಡೋಸ್ ಮತ್ತೆ ಶುರು. ಬೇಕು. ನಾಚಿಕೆಯಿಲ್ಲ ಈಗ.

21 ಸೆಪ್ಟೆಂಬರ್, ರವಿವಾರ, ಬೆಳಿಗ್ಗೆ 11

ಇಂದು ಸಂಜೆ ಸೂಜಿ. ಅದಕ್ಕೆ ಮೊದಲು ಇದನ್ನು ಬರೆದಿಡಬೇಕು.

ಅರ್ಧ ಗಂಟೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ಏನೋ ಆಯಿತು. ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ, ಒಳಗಿನಿಂದ ಯಾರೋ ಮೆಲ್ಲಗೆ ಹಿಂಡಿದ ಹಾಗೆ. ನಿಂತುಬಿಟ್ಟೆ. ಬೇನೆಯೇ? ಅಲ್ಲ. ಅದು ಮಿರ್ಚಿ ಕೇಳಲಿಲ್ಲ, ಉಂಡಿ ಕೇಳಲಿಲ್ಲ. ಯಾವುದರ ಹೆಸರನ್ನೂ ಹೇಳಲಿಲ್ಲ. ಒಣ ರೊಟ್ಟಿಯಾದರೂ ಸರಿ ಎಂದಿತು. ಹೋಯಿತು. ಮತ್ತೆ ಬಂತು.

ಇದೇ ಅದು. ನಲವತ್ಮೂರು ವರ್ಷಕ್ಕೆ, ಮೊದಲ ಸಲ, ನನಗೆ ಹಸಿವಾಗಿದೆ.

ಕೈಯಲ್ಲಿ ಒದ್ದೆ ಸೀರೆ ಹಿಡಿದು ನಿಂತಿದ್ದೆ. ಕಣ್ಣಲ್ಲಿ ನೀರು. ಇಷ್ಟು ಸರಳವಾದದ್ದು, ಇಷ್ಟು ನೇರ... ನನ್ನದು ಅರ್ಧ ಗಂಟೆಯದು, ಒಳಗೆ ಅಡುಗೆಮನೆಯಿದೆ. ಇದನ್ನೇ ದಿನಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಆ ಇಪ್ಪತ್ತು ಹೆಂಗಸರು ಹಾಡುತ್ತ, ದನಿ ತಪ್ಪದ ಹಾಗೆ ಕೂತಿದ್ದರಲ್ಲ.

ಒಳಗೆ ಹೋದೆ. ಅವ್ವ ಹಿಟ್ಟು ನಾದುತ್ತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ.

"ಅವ್ವ, ಹೊಟ್ಟಿ ಹಸದಾದ."

ಅವಳ ಕೈ ನಿಂತಿತು. ಈ ಮಾತು ನನ್ನ ಬಾಯಿಂದ ಅವಳು ಎಂದೂ ಕೇಳಿಲ್ಲ. ಕೇಳಬಾರದೆಂದೇ ಬದುಕಿದವಳು. ಅವಳಿಗೆ ನೋವಾಯಿತೆಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು, ಹುಟ್ಟಿದ ಕೂಸನ್ನು ನೋಡುವ ಹಾಗೆ, ಪೂರ್ತಿ. ಪಕ್ಕದಲ್ಲೇ ಶೇಂಗಾದ ಡಬ್ಬಿ ಇತ್ತು. ಕೈ ಅದರ ಕಡೆ ಹೋಯಿತು. ಮುಟ್ಟಿತು. ಹಿಂದಕ್ಕೆ ಬಂತು.

"ಕೂಡು," ಎಂದಳು. "ರೊಟ್ಟಿ ಬಡಿಯಾಕತ್ತೇನಿ. ಸ್ವಲ್ಪ ತಡಿ."

ತಡಿ. ನನಗೆ ಅವಳು ಎಂದೂ ಹೇಳದ ಮಾತು.

ತಡೆಯುತ್ತಿದ್ದೇನೆ. ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ. ಹೊಟ್ಟೆ ಹಿಂಡುತ್ತಿದೆ, ಬಿಡುತ್ತಿದೆ. ಹಂಚು ಕಾದ ವಾಸನೆ. ಅವ್ವ ಬಡಿಯುವ ಸದ್ದು — ತಿರುಗಿಸುತ್ತಾಳೆ, ಬಡಿಯುತ್ತಾಳೆ. ಅವಸರ ಮಾಡುತ್ತಿಲ್ಲ. ಮೊದಲನೆಯದು ಹಂಚಿಗೆ ಬಿತ್ತು. ನೀರು ಸವರಿದಳು. ಉಬ್ಬುತ್ತಿದೆ, ಅಂಚಿನಿಂದ, ನಡುವೆ, ಈಗ ಪೂರ್ತಿ. ಕರೆಯುತ್ತಿದ್ದಾಳೆ, ಉಳಿದದ್ದು ಉಂಡ ಮೇಲೆ.