ಬೈಯುವುದಕ್ಕೊಂದು ವಿಳಾಸ

ತದಡಿ ಬಂದರು,
ಫೆಬ್ರವರಿ 30, 2317

ಗುಲಾಬಜ್ಜಿಗೆ, ನಿಮ್ಮ ನಂತರದ ಹತ್ತನೇ ತಲೆಯವಳಾದ ಮಂದಾಕಿನಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದನ್ನು ಫೆಬ್ರವರಿಯ ಬೆನ್ನಿಗೆ ಕಟ್ಟಿ ‘ಬಿಡುದಿನ’ ಎನ್ನುತ್ತೇವೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ನಿಮ್ಮ ಕಾಲದ ಕಾಗದಗಳನ್ನು ಓದಿ ಓದಿ ಕಲಿತದ್ದು. ಇನ್ನೊಂದಕ್ಕೂ ಕ್ಷಮೆ ಇರಲಿ: ನಿಮಗೀಗ ಮೂವತ್ತನಾಲ್ಕು, ಐವತ್ತು ದಾಟಿದ ನಾನು ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಬೆರಳು ಬಿರಿಯುವವರೆಗೆ ದುಡಿದವರು ನೀವು. ಅಮೆರಿಕದ ಅಧ್ಯಕ್ಷರೊಬ್ಬರು ಪರದೇಶದ ಸರಕಿನ ಮೇಲೆ ಸುಂಕ ಏರಿಸಿದಾಗ ಶೆಡ್ಡಿಗೆ ಬೀಗ ಬಿದ್ದು ಮನೆಯಲ್ಲಿ ಕೂತವರು. ಅಂಥವರ ಮೇಲೆ ಎಂಥ ಹೊಟ್ಟೆಕಿಚ್ಚು ಎನ್ನುತ್ತೀರಿ. ನೀವು ಆ ಮನುಷ್ಯನಿಗೆ ಕಾಗದ ಬರೆದಿರಲ್ಲ, ಅದಕ್ಕೇ.

ಅದರ ಪ್ರತಿ ನಮ್ಮಲ್ಲಿದೆ. ‘ಅಲ್ಲ ಮಾರಾಯ್ರೇ, ನಮ್ಮ ಸೀಗಡಿ ನಿಮಗೆ ಎಂತ ಮಾಡಿತ್ತು? ತಿಂದವರು ಸುಖವಾಗೇ ಇದ್ದರಲ್ಲ? ನೀವು ಕೂತಲ್ಲೇ ಒಂದು ಗೀಟು ಎಳೆದಿರಿ, ಇಲ್ಲಿ ನಲವತ್ತು ಹೆಂಗಸರ ಕೈ ಖಾಲಿ ಆಯ್ತು. ಆ ಕುರ್ಚಿಯಲ್ಲಿ ನೀವು ಎಷ್ಟು ದಿವಸ ಇರ್ತೀರಿ ಅಂತ ಕೇಳಿ ತಿಳಕೊಂಡಿದ್ದೇನೆ. ಗೆಣ್ಣು ಎಣಿಸ್ತಾ ಇದ್ದೇನೆ.’ ವರ್ಷಕ್ಕೊಮ್ಮೆ ಮನೆಯವರೆಲ್ಲ ಸೇರಿ ಇದನ್ನು ಗಟ್ಟಿಯಾಗಿ ಓದುತ್ತೇವೆ. ಕೊನೆಯ ಸಾಲು ಬಂದಾಗ ಮಕ್ಕಳು ಹೆಬ್ಬೆಟ್ಟಿನಿಂದ ಬೆರಳಿನ ಗೆಣ್ಣು ಮುಟ್ಟುತ್ತ ಹೋಗುತ್ತವೆ.

ಏಳು ತಿಂಗಳ ಮೇಲೆ ನಿಮಗೆ ಉತ್ತರ ಬಂತು. ನಿಮ್ಮ ಅಭಿಪ್ರಾಯಕ್ಕೆ ವಂದನೆಗಳು ಎಂದು ಎರಡು ಸಾಲು, ಕೆಳಗೊಂದು ಸಹಿ. ಸಹಿ ಅಸಲಿಯೋ ಎಂದು ನೀವು ಉಗುಳು ಹಚ್ಚಿ ಉಜ್ಜಿ ನೋಡಿದಿರಂತೆ. ಶಾಯಿ ಕದಡಲಿಲ್ಲ. ಅಚ್ಚು ಹಾಕಿದ ಸಹಿ ಎಂದು ಅಲ್ಲಿಗೇ ಗೊತ್ತಾಗಬೇಕಿತ್ತು. ನೀವೋ, ದೊಡ್ಡವರ ಶಾಯಿ ಬಲು ಗಟ್ಟಿ ಎಂದು ಊರಿಗೆಲ್ಲ ಹೇಳಿ ಅದಕ್ಕೆ ಚೌಕಟ್ಟು ಹಾಕಿಸಿದಿರಿ! ನೀವು ಉಜ್ಜಿದ ಗುರುತು ಇನ್ನೂ ಇದೆ. ನೋಡಿದಾಗ ಮೊದಲು ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ. ಅಚ್ಚಿನದೇ ಆಗಲಿ, ಒಬ್ಬ ಮನುಷ್ಯನ ಹೆಸರು ಅಲ್ಲಿತ್ತಲ್ಲ.

ನಮ್ಮನ್ನು ಆಳುವುದು ‘ಸರಾಸರಿ’. ಅದು ಮನುಷ್ಯನಲ್ಲ. ಪ್ರತಿ ಮನೆಯ ಹೊಸ್ತಿಲಲ್ಲಿ ಒಂದು ಕೇಳುಗಲ್ಲು ಇರುತ್ತದೆ. ಬೆಳಿಗ್ಗೆ ಮುಖ ತೊಳೆದು ಅದರ ಮೇಲೆ ಹೆಬ್ಬೆಟ್ಟು ಒತ್ತಿದರೆ ನಮಗೇನು ಬೇಕೆಂದು ಅದಕ್ಕೆ ತಿಳಿಯುತ್ತದೆ. ಭೂಮಿಯ ಮೇಲಿನ ಎಲ್ಲರ ಬೇಕುಗಳನ್ನು ಕೂಡಿಸಿ, ಭಾಗಿಸಿ, ನಡುವೆ ಬಂದದ್ದನ್ನು ಕಾಯಿದೆ ಮಾಡುತ್ತದೆ. ಯುದ್ಧ ನಿಂತಿದೆ, ಸುಳ್ಳು ಹೇಳಬಾರದು. ಸಾರಿನ ಉಪ್ಪೂ ಸರಾಸರಿಯದೇ. ಯಾರಿಗೂ ರುಚಿಸುವುದಿಲ್ಲ, ಯಾರೂ ದೂರುವುದಿಲ್ಲ. ಆದರೆ ಈ ಲೋಕದಲ್ಲಿ ಕಡಲು ಕಂಡವರು ಕಡಿಮೆ. ಹಾಗಾಗಿ ದೋಣಿಗಳು ಬೇಡ ಎಂದು ಲೆಕ್ಕ ಬಂದಿದೆ. ನಾಳೆ ಬಿಡುದಿನ ಶುರು, ನಾಳೆಯೇ ನನ್ನ ದೋಣಿ ಒಡೆಯುತ್ತಾರೆ. ಅಪ್ಪ ಕೈಯಾರೆ ಕಟ್ಟಿದ ದೋಣಿ ಅದು. ನನಗೆ ಬೇರೆ ಕೆಲಸ ಬರುವುದಿಲ್ಲ. ಯಾರಿಗೆ ಬರೆಯಲಿ? ಕೇಳುಗಲ್ಲಿನ ಮುಂದೆ ಕೂತು ಬಾಯಿಗೆ ಬಂದಂತೆ ಬೈದೆ. ಅದು ನನ್ನ ಬೈಗುಳವನ್ನೂ ಕೂಡಿಸಿ ಭಾಗಿಸಿಕೊಂಡಿತು.

ಕುಮಟೆಯಲ್ಲಿ ಒಂದು ಸಹಿಮನೆ ಇದೆ, ಸಹಿ ಇರುವ ಹಳೆಯ ಕಾಗದಗಳನ್ನು ಕಾಪಾಡುವ ಜಾಗ. ಅಲ್ಲಿ ನಿಮ್ಮ ಕಾಲದ ಅಧ್ಯಕ್ಷರುಗಳ ಆಜ್ಞೆಗಳನ್ನು ಓದಿದೆ. ಒಬ್ಬ ಲೋಕದ ಒಪ್ಪಂದದಿಂದ ಹೊರಬರುತ್ತಾನೆ, ಮುಂದಿನವ ಒಳಹೋಗುತ್ತಾನೆ. ಒಬ್ಬ ಗಡಿ ಮುಚ್ಚಿದರೆ ಇನ್ನೊಬ್ಬ ಸಡಿಲಿಸುತ್ತಾನೆ. ಅವರದೇ ದೇಶದ ನ್ಯಾಯಾಧೀಶರು ಅವರ ಸಹಿಗೆ ತಡೆ ಕೊಡುತ್ತಾರೆ, ಅವರದೇ ಜನ ಬೀದಿಗಿಳಿದು ಅವರನ್ನು ಹೆಸರು ಹಿಡಿದು ಬೈಯುತ್ತಾರೆ. ಗಡಿಯಲ್ಲಿ ಮಕ್ಕಳು ತಾಯಂದಿರಿಂದ ಬೇರೆಯಾದದ್ದನ್ನೂ ಓದಿದೆ. ಅದಕ್ಕೆ ಕರುಬುವಷ್ಟು ಕಲ್ಲೆದೆ ನನ್ನದಲ್ಲ. ಆದರೆ ನಿಮ್ಮ ಕೆಟ್ಟ ಕಾಲಕ್ಕೂ ಮುಗಿಯುವ ತಾರೀಖು ಇತ್ತು ಅಜ್ಜಿ. ನಾಲ್ಕು ವರ್ಷ, ಹೆಚ್ಚೆಂದರೆ ಎಂಟು! ಆ ನಾಲ್ಕು ವರ್ಷ ನನಗೆ ಸಿಕ್ಕಿದ್ದರೆ ದೋಣಿಯನ್ನು ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕೆಸರಲ್ಲಿ ಬಚ್ಚಿಟ್ಟಾದರೂ ಕಾಯುತ್ತಿದ್ದೆ.

ಸಹಿಮನೆಯ ಕೊನೆಯ ಕಾಗದ ಯಾವುದು ಗೊತ್ತೇ? ಸರಾಸರಿ ಬರಲಿ ಎಂದು ಒಪ್ಪಿದವರ ಪಟ್ಟಿ. ತದಡಿಯಲ್ಲಿ ಮೊದಲ ಹೆಬ್ಬೆಟ್ಟು ನಿಮ್ಮ ಮರಿಮಗಳು ದಮಯಂತಿಯದು. ಪಕ್ಕದಲ್ಲಿ ಅವಳ ಮಾತು ಬರೆದಿದ್ದಾರೆ: ‘ಈ ದೊಡ್ಡವರ ಜಗಳ ಕೇಳಿ ಕೇಳಿ ಸಾಕಾಯ್ತು.’ ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಾಕಾಗಿರಬಹುದು.

ಈ ಕಾಗದವನ್ನು ಚೌಕಟ್ಟಿನ ಹಿಂದೆ ಸಿಕ್ಕಿಸುತ್ತಿದ್ದೇನೆ. ಅದು ನಿಮ್ಮ ಕೈಗೆ ಹೇಗೆ ಬಂತೆಂದು ಕೇಳಬೇಡಿ. ನನಗೆ ಗೊತ್ತಿರುವ ವಿಳಾಸ ನಿಮ್ಮದೊಂದೇ. ನಿಮ್ಮ ತೊಂಬತ್ತನೇ ವಯಸ್ಸಿನಲ್ಲಿ ದಮಯಂತಿ ನಿಮ್ಮ ತೊಡೆಯ ಮೇಲೆ ಆಡುತ್ತಾಳೆ. ಅವಳಿಗೆ ಗೆಣ್ಣು ಎಣಿಸುವುದನ್ನು ಕಲಿಸಿ. ಮುಂದೊಂದು ದಿನ ಪಟ್ಟಿ ಹಿಡಿದು ಮನೆಗೆ ಬರುವವರು ಒಳ್ಳೆಯವರೇ, ಬಿಸಿಲಲ್ಲಿ ನಡೆದು ದಣಿದವರು. ಅವರನ್ನು ಕೂರಿಸಿ ಚಹಾ ಕೊಡಲಿ. ಹೆಬ್ಬೆಟ್ಟು ಮಾತ್ರ ಕೊಡದಿರಲಿ. ಗೆಣ್ಣು ಎಣಿಸಲಿಕ್ಕೆ ಅದು ಬೇಕು.

ನಿಮ್ಮ,
ಮಂದಾಕಿನಿ