ಮತ ಕೇಳಲು ಬಂದವರು

ಫೆಬ್ರುವರಿ ೧೦, ಮಂಗಳವಾರ

ರಾಜ್ಯ ವಕೀಲರ ಪರಿಷತ್ತಿನ ಈ ಚುನಾವಣೆ ಒಮ್ಮೆ ಮುಗಿದರೆ ಸಾಕಾಗಿದೆ. ಇಂದು ನನ್ನ ಕಕ್ಷಿದಾರಳು ನೀಲಾ ಟಿಕೋಟಾದಿಂದ ಬಂದಿದ್ದಳು. ಗಂಡನ ಬಳಿಯಿರುವ ಮಗಳನ್ನು ನೋಡಲು ಅವಳಿಗೆ ಕೋರ್ಟಿನ ಅನುಮತಿ ಸಿಗಬೇಕಿತ್ತು. ಎದುರಿನ ವಕೀಲರು ಅಭ್ಯರ್ಥಿಯೊಬ್ಬರ ಪ್ರಚಾರಕ್ಕೆ ಹೋಗಿದ್ದರಿಂದ ವಿಚಾರಣೆ ಮುಂದಕ್ಕೆ ಹೋಯಿತು.

ಹೊರಗೆ ಬಂದರೆ ಅದೇ ಅಭ್ಯರ್ಥಿ ಕೈಮುಗಿದು ನಿಂತಿದ್ದರು. "ಸುರೈಯಾ ಅಕ್ಕಾರ, ನಿಮ್ಮ ಮೊದಲ ಪ್ರಾಶಸ್ತ್ಯದ ವೋಟು ನಮಗ ಇರಲಿರಿ."

"ನಿಮ್ಮ ಸಲುವಾಗಿ ಈಕಿ ಕೇಸ್ ನಿಂತೈತ್ರಿ. ಮೊದಲು ಈಕಿಗೆ ಜವಾಬು ಕೊಡ್ರಿ," ಎಂದೆ.

ಅವರು ನಕ್ಕು, ನೀಲಾಳಿಗೂ ಕೈಮುಗಿದು, ಕರಪತ್ರ ಕೊಟ್ಟು ಮುಂದೆ ನಡೆದರು. ಅವಳು ಅದರಲ್ಲಿದ್ದ ಫೋಟೋ ನೋಡಿ ನನ್ನನ್ನು ಕೇಳಿದಳು: "ಇವ್ರು ಆರಿಸಿ ಬಂದ್ರ ನನ್ನ ಮಗಳನ್ನ ತೋರಸ್ತಾರೇನ್ರಿ?"

ಸಿಟ್ಟು ಇನ್ನೂ ಇಳಿದಿಲ್ಲ. ಬೇಗನೆ ಬೇರೆ ದಿನಾಂಕ ಕೊಡಿರೆಂದು ನಾಳೆ ಅರ್ಜಿ ಹಾಕುತ್ತೇನೆ. ಮತ್ತೆ ಯಾರದೋ ಫೋನು. ಮತ ಕೇಳುವವರೇ ಇರಬೇಕು, ಬಡಿದುಕೊಳ್ಳಲಿ.